ಹೆರಿಗೆಯ ಹಿಂದುಮುಂದಿನ ಖಿನ್ನತೆ: ಎಡಿನ್‌ಬರ್ಗ್ ಪ್ರಶ್ನಾವಳಿಗೆ ಸ್ಕೋರ್ ಹಾಕುವ ಮುನ್ನ ಓದಿ

ತಾಯಂದಿರ ಮನಸ್ಸು ವಿಚಾರಿಸಲು ಕಲಿಯುತ್ತಿರುವ ನಿಮಗೆ ಖಿನ್ನತೆಯ ಲಕ್ಷಣಗಳ ಪಟ್ಟಿ ಬಾಯಿಪಾಠವಾಗಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಒಂಬತ್ತರಲ್ಲಿ ಐದು ಲಕ್ಷಣ, ಎರಡು ವಾರ, ಅವುಗಳಲ್ಲಿ ಬೇಸರ ಅಥವಾ ನಿರಾಸಕ್ತಿ ಇರಲೇಬೇಕು. ಗರ್ಭಿಣಿಗೂ ಬಾಣಂತಿಗೂ ಇದೇ ಅಳತೆ. ಆದರೆ ಈ ಪಟ್ಟಿ ಹಿಡಿದು ಬಾಣಂತಿಯ ಎದುರು ಕೂತರೆ ತೊಡಕು ಶುರು. ನಿದ್ದೆ ಇಲ್ಲವೇ? ಮಗು ಬಿಟ್ಟರೆ ತಾನೆ. ಸುಸ್ತೇ? ಯಾವ ಬಾಣಂತಿಗಿಲ್ಲ. ಹಸಿವು ಏರುಪೇರು, ಗಮನ ನಿಲ್ಲುವುದಿಲ್ಲ. ನೋಡುತ್ತಿದ್ದಂತೆ ನಾಲ್ಕಕ್ಕೆ ಟಿಕ್ ಬಿತ್ತು. ಹೀಗಾದರೆ ಎಲ್ಲರಿಗೂ ಖಿನ್ನತೆ ಎನ್ನಬೇಕೋ, ಎಲ್ಲವೂ ಸಹಜ ಎನ್ನಬೇಕೋ? ಎರಡನೆಯದೇ ಹೆಚ್ಚು ಅಪಾಯ ಎಂಬುದು ನನ್ನ ಅಭಿಪ್ರಾಯ. "ಹೆರಿಗೆ ಆದಮೇಲೆ ಹೀಗೇ ಇರುತ್ತೆ" ಎಂಬ ಒಂದು ಮಾತಿನಿಂದ ಆಕೆ ಮತ್ತೆ ಬಾಯಿ ಬಿಡದೇ ಇರಬಹುದು.

ನಿದ್ದೆಯ ಪ್ರಶ್ನೆ (ನನಗೆ ತುಂಬಾ ಇಷ್ಟವಾದ ಉಪಾಯ)

ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ ಎಂದು ಕೇಳಿ ಪ್ರಯೋಜನವಿಲ್ಲ. ಅವಕಾಶ ಸಿಕ್ಕಾಗ ನಿದ್ದೆ ಬರುತ್ತದೆಯೇ ಎಂದು ಕೇಳಿ. ಮಗು ಮಲಗಿದೆ, ನೋಡಿಕೊಳ್ಳಲು ಇನ್ನೊಬ್ಬರಿದ್ದಾರೆ, ಆದರೂ ಕಣ್ಣು ಮುಚ್ಚಿದರೆ ತಲೆ ಓಡುತ್ತಲೇ ಇದೆ ಎಂದರೆ ಅದು ಮಗುವಿನ ಕಾರಣದ ನಿದ್ದೆಗೇಡಲ್ಲ. ಇದೇ ತರ್ಕವನ್ನು ಉಳಿದವಕ್ಕೂ ಹಚ್ಚಬಹುದು. ವಿಶ್ರಾಂತಿ ಸಿಕ್ಕ ಮೇಲೆ ಸುಸ್ತು ಸ್ವಲ್ಪವಾದರೂ ಇಳಿಯುತ್ತದೆಯೇ? ಊಟಕ್ಕೆ ಪುರುಸೊತ್ತಿಲ್ಲವೋ, ಊಟವೇ ಬೇಡವೋ? ಜೊತೆಗೆ "ನಾನು ಒಳ್ಳೆ ತಾಯಿ ಅಲ್ಲ, ಮಗು ಬೇರೆಯವರ ಹತ್ತಿರ ಇದ್ದರೇ ಚೆನ್ನ" ಎಂಬಂಥ ಮಾತು ಬಂದರೆ ಅದನ್ನು ಹೆರಿಗೆಯ ದಣಿವಿಗೆ ಸೇರಿಸುವಂತಿಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆ ಎರಡೂ ಇದೇ ವೇಷದಲ್ಲಿ ಬರುತ್ತವೆ, ಹಾಗಾಗಿ ರಕ್ತಪರೀಕ್ಷೆ ಬಿಡಬೇಡಿ.

ಕಾಲಾವಧಿ

ಬೇಬಿ ಬ್ಲೂಸ್, ಅಂದರೆ ಹೆರಿಗೆಯ ಬೆನ್ನಿಗೇ ಬರುವ ಅಳು, ಬೇಸರ, ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಬರುತ್ತದೆ. ಹೆರಿಗೆಯಾದ ಎರಡು ಮೂರು ದಿನಕ್ಕೆ ಶುರುವಾಗಿ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ ಅದನ್ನು ಬ್ಲೂಸ್ ಎನ್ನಬೇಡಿ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5 ಪ್ರಕಾರ ಖಿನ್ನತೆ ಗರ್ಭಾವಸ್ಥೆಯಲ್ಲಿ ಅಥವಾ ಹೆರಿಗೆಯ ನಂತರದ 4 ವಾರದಲ್ಲಿ ಆರಂಭವಾಗಿರಬೇಕು, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲಿ ಹೆರಿಗೆಯ ನಂತರದ ಅವಧಿ ಸುಮಾರು 6 ವಾರ. ನಿಮ್ಮ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಈ ಸಂಖ್ಯೆಗಳನ್ನೇ ಬರೆಯಿರಿ. ಚಿಕಿತ್ಸೆ ಕೊಡುವವರು ಮಾತ್ರ ಒಂದು ವರ್ಷದವರೆಗೂ ಲೆಕ್ಕಕ್ಕೆ ಹಿಡಿಯುತ್ತಾರೆ, ಐದನೇ ತಿಂಗಳಲ್ಲಿ ಬಂದ ತಾಯಿಯನ್ನು ಅವಧಿ ಮುಗಿಯಿತೆಂದು ವಾಪಸ್ ಕಳಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಗರ್ಭಿಣಿಯರಲ್ಲಿ ಸುಮಾರು ಶೇ 10, ಹೆರಿಗೆಯಾದವರಲ್ಲಿ ಶೇ 13 ಮಂದಿಗೆ ಮಾನಸಿಕ ಅಸ್ವಸ್ಥತೆ ಇರುತ್ತದೆ, ಅದರಲ್ಲಿ ಖಿನ್ನತೆಯೇ ಮುಖ್ಯ. ಆ ಮೊದಲ ಸಂಖ್ಯೆಯನ್ನು ಗಮನಿಸಿ: ಹೊಟ್ಟೆಯಲ್ಲಿ ಮಗು ಇರುವಾಗಲೇ ಕೇಳಲು ಶುರುಮಾಡಬೇಕು.

ಎಡಿನ್‌ಬರ್ಗ್ ಪ್ರಶ್ನಾವಳಿ, ಅಂದರೆ ಇಪಿಡಿಎಸ್

ಹೆರಿಗೆಯ ನಂತರದ ಖಿನ್ನತೆಯ ಸುಳಿವು ಹಿಡಿಯಲು ತಾಯಿಯೇ ತುಂಬುವ ಹಾಳೆ ಇದು. 1987ರಲ್ಲಿ ಕಾಕ್ಸ್, ಹೋಲ್ಡನ್, ಸಗೋವ್‌ಸ್ಕಿ ಪ್ರಕಟಿಸಿದ್ದು. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 30. ಕಳೆದ ಏಳು ದಿನಗಳ ಬಗ್ಗೆ ಮಾತ್ರ ಕೇಳುತ್ತದೆ. ಸುಸ್ತು, ಹಸಿವುಗಳನ್ನು ಬೇಕೆಂದೇ ಬಿಟ್ಟಿದ್ದಾರೆ. ನಿದ್ದೆಯ ಪ್ರಶ್ನೆ ಒಂದೇ, ಅದೂ ದುಃಖದಿಂದ ನಿದ್ದೆ ಬಾರದಿರುವ ಬಗ್ಗೆ. ಮೇಲಿನ ತೊಡಕಿಗೆ ಅವರು ಕಂಡುಕೊಂಡ ಉತ್ತರವೇ ಇದು.

ಈಗ ಅಂಕ ಹಾಕುವ ವಿಷಯ. ನಿಧಾನವಾಗಿ ಓದಿ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಮೇಲಿಂದ ಕೆಳಗೆ ಇರುತ್ತವೆ. 1, 2, 4ನೇ ಪ್ರಶ್ನೆಗಳಲ್ಲಿ ಮೇಲಿನ ಉತ್ತರಕ್ಕೆ 0, ಕೆಳಗಿನದಕ್ಕೆ 3. 3ನೆಯದು ಮತ್ತು 5ರಿಂದ 10ರವರೆಗೆ ಇದು ತಿರುಗುಮುರುಗು: ಮೇಲಿನದಕ್ಕೆ 3, ಕೆಳಗಿನದಕ್ಕೆ 0. ಮೊದಲೆರಡು ನಗು ಮತ್ತು ಉತ್ಸಾಹದ ಬಗ್ಗೆ, ಮೇಲಿನ ಉತ್ತರವೇ ನೆಮ್ಮದಿಯದು, ಹಾಗಾಗಿ ಅರ್ಥವಾಗುತ್ತದೆ. ಕಾಡುವುದು 4ನೆಯದು. ಅದು ಕಾರಣವಿಲ್ಲದ ಆತಂಕದ ಪ್ರಶ್ನೆ, 3 ಮತ್ತು 5ರ ಜೊತೆ ಸೇರಬೇಕು ಅನ್ನಿಸುತ್ತದೆ. ಆದರೆ ಅದರ ಉತ್ತರಗಳು "ಇಲ್ಲವೇ ಇಲ್ಲ" ಎಂಬುದರಿಂದ ಶುರುವಾಗುತ್ತವೆ. ಆದ್ದರಿಂದ ಪ್ರಶ್ನೆ ಯಾವುದರ ಬಗ್ಗೆ ಎಂದು ನೋಡಬೇಡಿ, ಮೇಲಿನ ಉತ್ತರ ನೆಮ್ಮದಿಯದೋ ಕಷ್ಟದ್ದೋ ನೋಡಿ. ನೆಮ್ಮದಿಯ ತುದಿಗೆ ಯಾವಾಗಲೂ 0.

ಇದನ್ನು ಮರೆತು ಎಲ್ಲಕ್ಕೂ ಮೇಲಿಂದ 0, 1, 2, 3 ಹಾಕಿದರೆ ಏನಾಗುತ್ತದೆ? ಪೂರ್ತಿ ನೆಮ್ಮದಿಯಿಂದಿರುವ ತಾಯಿ ಏಳು ಪ್ರಶ್ನೆಗಳಲ್ಲಿ ಕೆಳಗಿನ ಉತ್ತರಕ್ಕೆ ಗುರುತು ಹಾಕಿರುತ್ತಾಳೆ: ಏಳು ಮೂರಲಿ 21. ಎಲ್ಲದರಲ್ಲೂ ಅತಿ ಕಷ್ಟದ ಉತ್ತರ ಕೊಟ್ಟ, ನಿಜವಾಗಿ 30 ಬರಬೇಕಾದ ತಾಯಿಗೆ ಮೂರೇ ಪ್ರಶ್ನೆಗಳಿಂದ ಅಂಕ ಬಂದು 9 ಆಗುತ್ತದೆ. 10 ಅಥವಾ ಹೆಚ್ಚು ಬಂದರೆ ಖಿನ್ನತೆಯ ಸಾಧ್ಯತೆ, 13 ಅಥವಾ ಹೆಚ್ಚಾದರೆ ಬಲವಾದ ಸಾಧ್ಯತೆ ಎಂದು ಸಾಮಾನ್ಯವಾಗಿ ಓದುತ್ತಾರೆ. ಅಂದರೆ ಯಾರಿಗೆ ಇವತ್ತೇ ಸಹಾಯ ಬೇಕೋ ಅವಳೇ "ತೊಂದರೆ ಇಲ್ಲ" ಎಂಬ ಗುಂಪಿಗೆ ಬೀಳುತ್ತಾಳೆ. ಲೆಕ್ಕವನ್ನು ಹಾಳೆಯ ಮೇಲೆ ಒಮ್ಮೆ ನೀವೇ ಮಾಡಿ ನೋಡಿ.

10ನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ "ಎಂದೂ ಇಲ್ಲ" ಬಿಟ್ಟು ಬೇರೆ ಏನೇ ಗುರುತು ಬಿದ್ದರೂ, ಒಟ್ಟು 4 ಆಗಿದ್ದರೂ, ಆಕೆ ಮನೆಗೆ ಹೋಗುವ ಮುನ್ನ ಮಾತಾಡಬೇಕು. ಕೇಳಿದರೆ ಆ ಯೋಚನೆ ತಲೆಗೆ ಹೋದೀತು ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹಾಳೆಯನ್ನು ಮನೆಯವರ ಎದುರು ತುಂಬಿಸಬೇಡಿ. ಸ್ಕೋರ್ ರೋಗನಿರ್ಣಯವಲ್ಲ, ಮುಂದಿನ ಮಾತುಕತೆಗೆ ಕಾರಣ ಅಷ್ಟೆ.

ಹೆದರಿಸುವ ಯೋಚನೆ, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ)

"ಮಗು ಕೈಜಾರಿ ಬಿದ್ದರೆ" ಎಂಬ ಚಿತ್ರ ಬೇಡವೆಂದರೂ ತಲೆಗೆ ನುಗ್ಗಿ ತಾಯಿ ಬೆಚ್ಚಿಬಿದ್ದರೆ, ಆ ಯೋಚನೆ ಅವಳಿಗೇ ಅಸಹ್ಯ. ಇದು ಆತಂಕದ ಲಕ್ಷಣ, ಬಹಳ ಜನರಿಗೆ ಬರುತ್ತದೆ. ಸೈಕೋಸಿಸ್‌ನಲ್ಲಿ ಆ ಅಸಹ್ಯ ಇರುವುದಿಲ್ಲ, ಯೋಚನೆ ನಿಜವೆಂದೇ ಅನ್ನಿಸುತ್ತದೆ. ದನಿ ಕೇಳಿಸುವುದು, ವಿಪರೀತ ಅನುಮಾನ, ಗೊಂದಲ, ನಿದ್ದೆಯೇ ಬೇಡವೆನ್ನಿಸುವ ಹುರುಪು ಕಾಣುತ್ತವೆ. ಸಾವಿರ ಹೆರಿಗೆಗೆ ಒಂದೆರಡು, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ತಾಯಿ, ಮಗು ಇಬ್ಬರನ್ನೇ ಬಿಟ್ಟಿರದೆ ತಾಯಿಯನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಸಹಾಯ ಕೇಳುವುದು

"ಮನಸ್ಸು ಸರಿಯಿಲ್ಲ" ಎಂದಷ್ಟೇ ಹೇಳಿದರೆ ಎದುರಿನವರು ಸಮಾಧಾನ ಹೇಳಿ ಮುಗಿಸುತ್ತಾರೆ. ಅವಧಿ ಮತ್ತು ಒಂದು ಉದಾಹರಣೆ ಸೇರಿಸಲು ಹೇಳಿಕೊಡಿ: "ಮಗು ತೋರಿಸಲು ಬಂದಿದ್ದೀನಿ ಡಾಕ್ಟ್ರೇ, ಆದರೆ ನನ್ನದೂ ಒಂದು ಹೇಳಬೇಕು. ಮೂರು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ, ಮಗು ಮಲಗಿದರೂ ನನಗೆ ನಿದ್ದೆ ಬರ್ತಿಲ್ಲ." ಇಷ್ಟು ಕೇಳಿದ ವೈದ್ಯರು ಸುಲಭಕ್ಕೆ ತಳ್ಳಿಹಾಕಲಾರರು.

ಖಿನ್ನತೆ ಸೌಮ್ಯವಾಗಿದ್ದರೆ ಮಾತಿನ ಚಿಕಿತ್ಸೆಯೇ ಮೊದಲು: ಯೋಚನೆ, ನಡವಳಿಕೆ ತಿದ್ದುವ ಸಿಬಿಟಿ ಅಥವಾ ಸಂಬಂಧಗಳ ತೊಡಕು ಬಿಡಿಸುವ ಐಪಿಟಿ. ಇದಕ್ಕೆ ತಜ್ಞರೇ ಬೇಕೆಂದಿಲ್ಲ. ಪಾಕಿಸ್ತಾನದ ಹಳ್ಳಿಗಳಲ್ಲಿ ಆತಿಫ್ ರೆಹಮಾನ್ ತಂಡ ಮಹಿಳಾ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು ಮಾಡಿದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ನಂತರವೂ ಖಿನ್ನತೆ ಉಳಿದಿದ್ದವರು ಶೇ 23, ಹೋಲಿಕೆಯ ಗುಂಪಿನಲ್ಲಿ ಶೇ 53.

ತೀವ್ರವಾಗಿದ್ದರೆ ಮಾತ್ರೆ ಬೇಕಾಗುತ್ತದೆ. ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ ಎದೆಹಾಲಿಗೆ ಸೇರುವುದು ಬಹಳ ಕಡಿಮೆ, ಹಾಗಾಗಿ ಹಾಲುಣಿಸುವವರಿಗೆ ಅದನ್ನು ಹೆಚ್ಚಾಗಿ ಆರಿಸುತ್ತಾರೆ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಗರ್ಭಿಣಿಯೆಂದು ಗೊತ್ತಾದೊಡನೆ ತಾವಾಗಿ ನಿಲ್ಲಿಸುವಂತಿಲ್ಲ, ವೈದ್ಯರನ್ನು ಕೇಳಬೇಕು. ಮಾತ್ರೆ ಶುರುವಾಗುವ ಮುನ್ನ ಆಕೆಗೋ ಮನೆಯವರಿಗೋ ಹಿಂದೆಂದಾದರೂ ನಿದ್ದೆಯಿಲ್ಲದೆಯೂ ದಣಿಯದ, ಅತಿ ಹುರುಪಿನ ದಿನಗಳು ಇದ್ದವೇ ಎಂದು ಕೇಳಿ ಬರೆದುಕೊಳ್ಳಿ. ಬೈಪೋಲಾರ್ (ಖಿನ್ನತೆ, ಅತಿ ಹುರುಪು ಎರಡೂ ಬಂದುಹೋಗುವ ಕಾಯಿಲೆ) ಇರುವವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಉನ್ಮಾದ ಕೆರಳಬಹುದು. ಹೆರಿಗೆಯ ನಂತರದ ಸೈಕೋಸಿಸ್‌ನ ಅಪಾಯವೂ ಅವರಿಗೇ ಹೆಚ್ಚು.