ಹುಳುಕಡ್ಡಿಯಲ್ಲಿ ಹುಳುವಿಲ್ಲ: ಬೂಷ್ಟುರೋಗಗಳಿಗೆ ಹೆಸರು ಬಂದ ಬಗೆ

ಆಷಾಢದ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಬೂಷ್ಟು ಹತ್ತದ ವಸ್ತುವಿಲ್ಲ. ಚಪ್ಪಲಿ, ಬೆಲ್ಟು, ಅಟ್ಟದ ಕಂಬಳಿ, ಮದುವೆ ಆಲ್ಬಂ. ಮನುಷ್ಯನ ಚರ್ಮವೂ ಬಿಡುವುದಿಲ್ಲ. ಒದ್ದೆ ಬಟ್ಟೆಯಲ್ಲೇ ದಿನ ಕಳೆದವರ ತೊಡೆಸಂದಿಯಲ್ಲಿ ಉಂಗುರದ ಹಾಗೆ ಕೆಂಪಗೆ ಏಳುವ ತುರಿಕೆಗೆ ನಾವು ಹುಳುಕಡ್ಡಿ ಎನ್ನುತ್ತೇವೆ. ಕೊಟ್ಟಿಗೆಯ ಕರುವಿಗೆ ಕಣ್ಣಿನ ಸುತ್ತ ಕೂದಲುದುರಿ ಬೂದಿಬಣ್ಣದ ಹಕ್ಕಳೆ ಕಟ್ಟುತ್ತದಲ್ಲ, ಅದೂ ಇದೇ ಬಳಗದ ರೋಗ. ಇದರಲ್ಲಿ ಹುಳು ಎಲ್ಲಿದೆ? ಎಲ್ಲೂ ಇಲ್ಲ. ಇಂಗ್ಲಿಷಿನವರ ‘ರಿಂಗ್‌ವರ್ಮ್’ನಲ್ಲೂ ಹುಳುವೇ. ಡಾಕ್ಟರು ಚೀಟಿಯಲ್ಲಿ ಬರೆಯುವ ‘ಟೀನಿಯಾ’ ಲ್ಯಾಟಿನ್ನಿನಲ್ಲಿ ಬಟ್ಟೆ ತಿನ್ನುವ ನುಸಿಹುಳು. ಕಂಬಳಿಯನ್ನು ನುಸಿ ದುಂಡಗೆ ತಿಂದದ್ದು ನೋಡಿದವರಿಗೆ ಈ ತಪ್ಪು ಹೇಗಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಹೆಸರು ದಾರಿ ತಪ್ಪಿಸುವುದು ನಮ್ಮ ಜಿಲ್ಲೆಗೆ ಹೊಸತೇನೂ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಜ್ವರಕ್ಕೆ ಜಗತ್ತು ಕಾಡಿನ ಹೆಸರಿಟ್ಟಿತು, ನಾವು ಮಂಗನ ಹೆಸರಿಟ್ಟೆವು. ರೋಗ ಹರಡುವ ಉಣುಗು ಎರಡು ಹೆಸರಿನಿಂದಲೂ ತಪ್ಪಿಸಿಕೊಂಡಿತು. ಅದು ವೈರಸ್ಸಿನ ಸಂಗತಿ. ಶಿಲೀಂಧ್ರಗಳ, ಅಂದರೆ ಬೂಷ್ಟಿನ ಬಳಗದ ಕತೆ ಇನ್ನೂ ಹಳೆಯದು, ಇನ್ನೂ ಗೋಜಲು.

ಶುರುವಾದದ್ದು ರೇಷ್ಮೆಹುಳುವಿನಿಂದ. ಬಯಲುಸೀಮೆಯ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ಎನ್ನುವ ರೋಗದಲ್ಲಿ ಹುಳು ಸತ್ತು ಗಟ್ಟಿಯಾಗಿ ಮೈಮೇಲೆ ಬಿಳಿಪುಡಿ ಕಟ್ಟುತ್ತದೆ. ಆ ಪುಡಿಯೇ ರೋಗದ ಬೀಜ, ಅದೊಂದು ಬೂಷ್ಟು ಎಂದು ಇಟಲಿಯ ಅಗಸ್ಟೀನೋ ಬಾಸ್ಸಿ 1835ರಲ್ಲಿ ತೋರಿಸಿದ. ಸೂಕ್ಷ್ಮಜೀವಿಯೊಂದು ಪ್ರಾಣಿಗೆ ರೋಗ ತರುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷಿ ಅದು, ಪಾಶ್ಚರ್‌ಗಿಂತಲೂ ಮೊದಲು. ಆ ಶಿಲೀಂಧ್ರಕ್ಕೆ ಅವನದೇ ಹೆಸರು ಅಂಟಿಕೊಂಡಿತು: ಬ್ಯೂವೇರಿಯಾ ಬಾಸ್ಸಿಯಾನಾ. ಇವತ್ತು ತೋಟಗಳಲ್ಲಿ ಕೀಟ ಕೊಲ್ಲಲು ಪೊಟ್ಟಣದಲ್ಲಿ ಮಾರುವುದೂ ಇದನ್ನೇ.

ನಾಲ್ಕು ವರ್ಷ ಕಳೆದು 1839ರಲ್ಲಿ ಷೋನ್‌ಲೈನ್ ಎಂಬ ಜರ್ಮನ್ ವೈದ್ಯ ತಲೆಯ ಹಕ್ಕಳೆರೋಗದಲ್ಲೂ ಬೂಷ್ಟಿನ ಎಳೆ ಕಂಡ. ಅದನ್ನು ಮೊದಲೇ ನೋಡಿದ್ದ ರಾಬರ್ಟ್ ರೇಮಾಕ್, ತನ್ನ ಮೈಮೇಲೇ ಹಚ್ಚಿಕೊಂಡು ಪರೀಕ್ಷೆ ಮಾಡಿದ. ಕೊನೆಗೆ 1845ರಲ್ಲಿ ಹೆಸರಿಡುವಾಗ ಗೌರವ ಕೊಟ್ಟದ್ದು ಮಾತ್ರ ಷೋನ್‌ಲೈನ್‌ಗೆ. ತುರಿಸಿಕೊಂಡವನೊಬ್ಬ, ಹೆಸರು ಇನ್ನೊಬ್ಬನದು.

ಇಲ್ಲಿಂದ ಮುಂದಿನದು ಕಾಣುವ ಉಪಕರಣ ಬದಲಾದ ಹಾಗೆ ಹೆಸರೂ ಬದಲಾದ ಕತೆ. ಪ್ಯಾರಿಸ್ಸಿನ ಚರ್ಮವೈದ್ಯ ಸಬೂರೋ, ಸಕ್ಕರೆ, ಪೆಪ್ಟೋನು ಬೆರೆಸಿದ ಅಗಾರು ಎಂಬ ಲೋಳೆಯ ಮೇಲೆ ಈ ಬೂಷ್ಟುಗಳನ್ನು ಬೆಳೆಸಿ, ಬಣ್ಣ, ನೂಲು, ಅಂಚು ನೋಡಿ ಗುರುತಿಸುವ ವಿದ್ಯೆ ಕಲಿಸಿದ. 1910ರಲ್ಲಿ ಅವುಗಳನ್ನು ನಾಲ್ಕು ಕುಲಗಳಲ್ಲಿ ಹಂಚಿದ. ಅವನ ಹೆಸರಿನ ಅಗಾರು ಇಂದಿಗೂ ಶಿಲೀಂಧ್ರ ಬೆಳೆಸುವ ಪ್ರಯೋಗಾಲಯಗಳ ನಿತ್ಯದ ಸಾಮಾನು. ಆದರೆ ಅಗಾರು ಸ್ವಲ್ಪ ಬದಲಾದರೆ ಬೂಷ್ಟಿನ ಬಣ್ಣವೂ ಬದಲಾಗುತ್ತದೆ. ಬಣ್ಣ ಬದಲಾದಾಗಲೆಲ್ಲ ಯಾರೋ ಒಬ್ಬರು ಹೊಸ ಹೆಸರಿಟ್ಟರು. 1934ರಲ್ಲಿ ಅಮೆರಿಕದ ಎಮ್ಮನ್ಸ್ ಕೂತು ಕಸ ಗುಡಿಸಿ ಮೂರೇ ಕುಲ ಉಳಿಸಿದ.

ಇನ್ನೊಂದು ತೊಡಕೂ ಇತ್ತು. ಶಿಲೀಂಧ್ರಕ್ಕೆ ಎರಡು ಬದುಕು: ಜೋಡಿ ಸೇರಿ ಸಂತಾನ ಪಡೆಯುವ ರೂಪ ಒಂದು, ಒಂಟಿಯಾಗಿ ಬೀಜಕ ಉದುರಿಸುವ ರೂಪ ಇನ್ನೊಂದು. ಎರಡೂ ಒಂದೇ ಜೀವಿಯವು ಎಂದು ಗೊತ್ತಾದ ಮೇಲೂ ಎರಡು ಹೆಸರಿಗೂ ಮಾನ್ಯತೆ ಇತ್ತು, ಮನೆಯಲ್ಲಿ ಕರೆಯುವ ಹೆಸರು ಮತ್ತು ಶಾಲೆಯ ಹೆಸರಿನ ಹಾಗೆ. 2011ರಲ್ಲಿ ಮೆಲ್ಬರ್ನ್‌ನಲ್ಲಿ ಸೇರಿದ ಸಸ್ಯವಿಜ್ಞಾನಿಗಳ ಸಮ್ಮೇಳನ ಇದಕ್ಕೆ ತೆರೆ ಎಳೆದು, ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಎಂದಿತು. ಸಸ್ಯದವರು ಯಾಕೆ ಎಂದು ಕೇಳಬಹುದು. ಶಿಲೀಂಧ್ರ ಗಿಡಕ್ಕಿಂತ ಪ್ರಾಣಿಗೇ ಹತ್ತಿರದ ನೆಂಟ ಎಂದು ತಿಳಿದ ಮೇಲೂ ಅದರ ಹೆಸರಿನ ಕಡತ ಸಸ್ಯದವರ ಕಪಾಟಿನಲ್ಲೇ ಉಳಿದಿದೆ.

ಈ ಕಡತದಲ್ಲಿ ಕನ್ನಡದ ಪದವೂ ಒಂದಿದೆ. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಬ್ರಿಟಿಷ್ ತಜ್ಞ ಇಟ್ಟ ಹೆಸರು ಪೆಲ್ಲಿಕ್ಯುಲೇರಿಯಾ ಕೊಳೆರೋಗ. ಅಡಿಕೆಯ ಕೊಳೆಯದು ಬೇರೆ ದಾರಿ. ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅದನ್ನು ಫೈಟಾಫ್ತೊರಾ ಎಂದು ಗುರುತಿಸಿದರು. ಕೊಟ್ಟೆ ಎಂಬ ಹೊದಿಕೆ ಕಟ್ಟಿ ಅಡಿಕೆಗೊನೆ ಕಾಯುತ್ತಿದ್ದ ಬೆಳೆಗಾರರಿಗೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಕಲಿಸಿದವರೂ ಅವರೇ. ಆಗ ಫೈಟಾಫ್ತೊರಾ ಶಿಲೀಂಧ್ರ. ಈಗ ಅಲ್ಲ. ವಂಶವಾಹಿ ಓದಿದ ಮೇಲೆ ಅದು ಕಡಲಿನ ಕಂದುಪಾಚಿಯ ಬಂಧು ಎಂದಾಯಿತು. ತುತ್ತಕ್ಕೆ ಕುಲಗೋತ್ರ ಬೇಕಿಲ್ಲ, ಎರಡನ್ನೂ ಕೊಲ್ಲುತ್ತದೆ. ಹಾಗಾಗಿ ತೋಟದಲ್ಲಿ ಈ ಬದಲಾವಣೆ ಯಾರಿಗೂ ತಟ್ಟಲಿಲ್ಲ.

ತಟ್ಟಿದ್ದು ಕಣ್ಣಾಸ್ಪತ್ರೆಯಲ್ಲಿ. ಕೊಳೆಯ ದಾಯಾದಿಯೊಂದಿದೆ, ಪಿಥಿಯಂ ಇನ್ಸಿಡಿಯೋಸಂ. ನಿಂತ ನೀರಿನ ಜೀವಿ. ಕುದುರೆಗಳಿಗೆ ಇದರಿಂದ ಬರುವ ಮಾಯದ ಹುಣ್ಣನ್ನು 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಪಶುವೈದ್ಯರು ‘ಬರ್ಸಾತಿ’ ಎಂದು ಬರೆದಿಟ್ಟರು. ಮಳೆಗಾಲದ ಹುಣ್ಣು, ಅಷ್ಟೇ ಅರ್ಥ. ಮನುಷ್ಯನ ಕರಿಗುಡ್ಡೆಯ ಮೇಲೆ ಅದು ಕೂತರೆ ಸೂಕ್ಷ್ಮದರ್ಶಕದಲ್ಲಿ ಥೇಟ್ ಬೂಷ್ಟಿನ ಎಳೆಯೇ. ಡಾಕ್ಟರು ಬೂಷ್ಟಿನ ಔಷಧಿ ಹಾಕುತ್ತಾರೆ, ಹುಣ್ಣು ಜಗ್ಗುವುದಿಲ್ಲ. ಬಳಕೆಯಲ್ಲಿರುವ ಹೆಚ್ಚಿನ ಶಿಲೀಂಧ್ರನಾಶಕಗಳು ಗುರಿಯಿಡುವುದು ಶಿಲೀಂಧ್ರದ ಕೋಶಪೊರೆಯ ಎರ್ಗೊಸ್ಟಿರಾಲ್ ಎಂಬ ಕೊಬ್ಬಿನ ಮೇಲೆ. ಪಿಥಿಯಂನಲ್ಲಿ ಆ ಗುರಿಯೇ ಗಟ್ಟಿಯಾಗಿಲ್ಲ. ಈಗ ಅದಕ್ಕೆ ಲಿನೆಜೋಲಿಡ್, ಅಜಿತ್ರೋಮೈಸಿನ್‌ನಂತಹ ಬ್ಯಾಕ್ಟೀರಿಯಾದ ಔಷಧಿಗಳನ್ನು ಕೊಡುತ್ತಿದ್ದಾರೆ. ಹೆಸರು ತಪ್ಪಿದರೆ ಕಣ್ಣೇ ಹೋದೀತು. ವರ್ಗೀಕರಣವೆಂದರೆ ಕೆಲಸವಿಲ್ಲದ ಪಂಡಿತರ ಜಗಳ ಎನ್ನುವವರಿಗೆ ನಾನು ಕೊಡುವ ಉದಾಹರಣೆ ಇದು.

ಮನೆ ಬಿಟ್ಟವರ ಹಾಗೆ ಮನೆ ಸೇರಿದವರೂ ಇದ್ದಾರೆ. ಏಡ್ಸ್ ರೋಗಿಗಳ ಶ್ವಾಸಕೋಶ ಕಾಡುವ ನ್ಯುಮೋಸಿಸ್ಟಿಸ್ ದಶಕಗಳ ಕಾಲ ಪ್ರೋಟೋಜೋವಾ ಆಗಿದ್ದು, 1988ರಲ್ಲಿ ಶಿಲೀಂಧ್ರವಾಯಿತು. ಮಧುರೆಯ ಹೆಸರು ಹೊತ್ತ ಮದುರಾ ಪಾದದಲ್ಲಿ ಒಂದೇ ಬಗೆಯ ಊತಕ್ಕೆ ಕೆಲವರಲ್ಲಿ ಶಿಲೀಂಧ್ರ ಕಾರಣ, ಕೆಲವರಲ್ಲಿ ಬ್ಯಾಕ್ಟೀರಿಯಾ. ಇನ್ನು 2021ರ ‘ಕಪ್ಪು ಶಿಲೀಂಧ್ರ’. ಆ ಮ್ಯೂಕರ್ ಬಳಗದ ಎಳೆಗಳಲ್ಲಿ ಕಪ್ಪು ಬಣ್ಣವಿಲ್ಲ. ಅದು ರಕ್ತನಾಳ ಮುಚ್ಚಿದಾಗ ಸತ್ತ ಮಾಂಸ ಕಪ್ಪಾಗುತ್ತದೆ, ಅಷ್ಟೇ. ನಿಜವಾದ ಕಪ್ಪು ಶಿಲೀಂಧ್ರಗಳು ಬೇರೆ ಇವೆ. ಬರಿಗಾಲಿಗೆ ಮುಳ್ಳು ಚುಚ್ಚಿದಾಗ ಒಳಸೇರಿ ವರ್ಷಗಟ್ಟಲೆ ಗಂಟು ಬೆಳೆಸುವ ಅವುಗಳಿಗೆ ಪತ್ರಿಕೆಗಳಲ್ಲಿ ಒಂದು ಹೆಸರೂ ಸಿಗಲಿಲ್ಲ.

ಮತ್ತೆ ಹುಳುಕಡ್ಡಿಗೆ ಬರೋಣ. ಮುಲಾಮು ಹಚ್ಚಿದರೆ ಮೊದಲೆಲ್ಲ ವಾರೊಪ್ಪತ್ತಿನಲ್ಲಿ ಇಳಿಯುತ್ತಿದ್ದದ್ದು ಕಳೆದ ಹತ್ತು ಹನ್ನೆರಡು ವರ್ಷಗಳಿಂದ ದೇಶದ ತುಂಬ ಹಟ ಹಿಡಿದಿದೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟಿರಾಯ್ಡ್ ಬೆರೆಸಿದ ಟ್ಯೂಬುಗಳ ಪಾಲು ಇದರಲ್ಲಿ ದೊಡ್ಡದೆಂದು ಚರ್ಮವೈದ್ಯರು ದೂರುತ್ತಲೇ ಇದ್ದಾರೆ. ತುರಿಕೆ ಎರಡೇ ದಿನದಲ್ಲಿ ನಿಲ್ಲುತ್ತದೆ, ಬೂಷ್ಟು ಒಳಗೊಳಗೇ ಹರಡುತ್ತದೆ. 2020ರಲ್ಲಿ ಜಪಾನಿನ ಸಂಶೋಧಕರು ಅಲ್ಲಿದ್ದ ಭಾರತ, ನೇಪಾಳದ ರೋಗಿಗಳಿಂದ ತೆಗೆದ, ಹುಳುಕಡ್ಡಿಗೆ ಕೊಡುವ ಟರ್ಬಿನಾಫಿನ್ ಗುಳಿಗೆಗೆ ಬಗ್ಗದ ಶಿಲೀಂಧ್ರಕ್ಕೆ ಟ್ರೈಕೋಫೈಟನ್ ಇಂಡೊಟೀನಿಯೇ ಎಂದು ಹೆಸರಿಟ್ಟರು. ‘ಇಂಡೊ’ ಯಾಕೆ ಎಂದು ನಮ್ಮವರಲ್ಲಿ ಕೆಲವರು ತಕರಾರು ತೆಗೆದರು. ಹೊಸ ರೋಗಗಳಿಗೆ ಊರುಕೇರಿಯ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿತ್ತು. ಆ ಮಾತು ರೋಗದ ಹೆಸರಿಗೆ, ಜೀವಿಯ ಹೆಸರಿಗಲ್ಲ. ಕ್ಯಾಸನೂರಿನವರಿಗೆ ಆ ತಕರಾರು ಅರ್ಥವಾದೀತು. ನನಗೂ ಆ ಹೆಸರು ಹಿಡಿಸದು, ಆದರೆ ಅದು ಬಂದ ಮೇಲೆ ಈ ಗುಳಿಗೆ ಯಾಕೆ ನಾಟುತ್ತಿಲ್ಲ ಎಂಬ ಪ್ರಶ್ನೆಗೆ ಜಗತ್ತಿನ ವೈದ್ಯರಿಗೆಲ್ಲ ಒಂದೇ ವಿಳಾಸ ಸಿಕ್ಕಿತು.

ವಿಳಾಸ ಓದುವುದು ಮಾತ್ರ ಕಷ್ಟ. ಚರ್ಮ ಕೆರೆದು ಪೊಟ್ಯಾಶಿನ ಹನಿಯಲ್ಲಿ ನೋಡಿದರೆ ಎಳೆ ಕಾಣುತ್ತದೆ, ಯಾರ ಎಳೆ ಎಂದು ತಿಳಿಯದು. ಸಬೂರೋನ ಅಗಾರಿನ ಮೇಲೂ ಅದು ಅಣ್ಣತಮ್ಮಂದಿರ ಹಾಗೇ ಬೆಳೆಯುತ್ತದೆ. ಖಚಿತವಾಗಬೇಕಾದರೆ ವಂಶವಾಹಿಯನ್ನೇ ಓದಿಸಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಮಳೆಯಲ್ಲಿ ನೆನೆದು ಬಂದವರು ಬೆಂಚಿನ ಮೇಲೆ ಕೂತು ‘ಹುಳುಕಡ್ಡಿ ಸಾರ್’ ಎನ್ನುತ್ತಾರೆ, ಡಾಕ್ಟರು ಚೀಟಿಯ ಮೇಲೆ ಟೀನಿಯಾ ಎಂದು ಬರೆಯುತ್ತಾರೆ.