ಮನೋಭಾವದ ಉಪನ್ಯಾಸಕ್ಕೆ ನನ್ನನ್ನು ಕರೆಯಬೇಡಿ

ವರ್ಷಕ್ಕೆ ಮೂರು ನಾಲ್ಕು ಬಾರಿಯಾದರೂ ಈ ಕರೆ ಬರುತ್ತದೆ. ಕಳೆದ ತಿಂಗಳು ಬಂದದ್ದು ಒಂದು ಸಿದ್ಧ ಉಡುಪು ಕಾರ್ಖಾನೆಯ ವ್ಯವಸ್ಥಾಪಕರಿಂದ. "ಮೇಡಂ, ನಮ್ಮ ಹೆಣ್ಣುಮಕ್ಕಳ ಸಂಬಳ ಮೂರನೇ ದಿನಕ್ಕೆ ಖಾಲಿ. ಆಮೇಲೆ ಕೈಸಾಲ. ಕೆಲಸದಲ್ಲೂ ಗಮನವಿಲ್ಲ, ಕಾಲರ್ ತಿರುಗುಮುರುಗು ಹೊಲಿಯುತ್ತಾರೆ. ಉಳಿತಾಯದ ಮನೋಭಾವ ಬೆಳೆಯುವ ಹಾಗೆ ಒಂದು ಗಂಟೆ ಮಾತನಾಡಬೇಕು." ಶಾಲು, ಹಾರ, ನೆನಪಿನ ಕಾಣಿಕೆಯ ವ್ಯವಸ್ಥೆಯೂ ಇತ್ತು.

ಕೆಟ್ಟ ಮನುಷ್ಯರೇನಲ್ಲ. ತಮ್ಮ ಕಾರ್ಮಿಕರ ಬಗ್ಗೆ ನಿಜವಾದ ಕಳಕಳಿಯಿಂದಲೇ ಕೇಳಿದರು. ಆದರೆ ಜಿಲ್ಲಾ ಕೇಂದ್ರವೊಂದರಲ್ಲಿ ಇಪ್ಪತ್ತೆರಡು ವರ್ಷ ಆಪ್ತಸಮಾಲೋಚನೆ ಮಾಡಿದ ಮೇಲೆ ಈ 'ಮನೋಭಾವ' ಎಂಬ ಪದ ಕಿವಿಗೆ ಬಿದ್ದರೆ ನನಗೆ ರೇಗುತ್ತದೆ. ಯಾಕೆ ಎನ್ನುವುದನ್ನು ಹೇಳಲು ಒಬ್ಬ ಹೆಂಗಸಿನ ವಿಷಯ ಹೇಳಬೇಕು. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

ನಲವತ್ತೊಂದು ವರ್ಷ. ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವ ಕೆಲಸ. ಕರೆತಂದವಳು ಕಾಲೇಜಿಗೆ ಹೋಗುವ ಮಗಳು. "ಅಮ್ಮನಿಗೆ ಮರೆವು ಜಾಸ್ತಿಯಾಗಿದೆ. ಹಾಲು ಒಲೆಯ ಮೇಲಿಟ್ಟು ಮರೆಯುತ್ತಾಳೆ. ತಮ್ಮನ ಶಾಲೆಯ ಸಭೆ ಮರೆತಳು. ಬಿಪಿ ಮಾತ್ರೆ ಹದಿನೈದು ದಿನದಿಂದ ಹಾಗೇ ಇದೆ." ಅಜ್ಜಿಗೆ ಬಂದ ಅರಳುಮರಳು ಅಮ್ಮನಿಗೂ ಬಂತೇ ಎಂಬ ಹೆದರಿಕೆ ಹುಡುಗಿಯ ಮುಖದಲ್ಲಿತ್ತು. ನಾವು ಸಾಮಾನ್ಯವಾಗಿ ಕೇಳುವ ಒಂದು ಪ್ರಶ್ನೆಯಿದೆ: ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ಆಕೆ ತೊಂಬತ್ತಮೂರು ಎಂದರು, ಎಂಬತ್ತಾರು ಎಂದರು, ಅಲ್ಲಿಗೆ ನಿಂತರು. ಕಣ್ಣು ನನ್ನ ತಲೆಯ ಮೇಲಿದ್ದ ಗೋಡೆ ಗಡಿಯಾರದ ಮೇಲಿತ್ತು.

"ಯಾಕಮ್ಮ, ಹೊತ್ತಾಯಿತೇ?" ಎಂದು ಕೇಳಿದೆ.

"ಇವತ್ತು ಸೋಮವಾರ ಮೇಡಂ. ಹನ್ನೊಂದಕ್ಕೆ ಸಂಘದ ಕಂತಿನವರು ಬರುತ್ತಾರೆ."

ಎಷ್ಟು ಕಂತು ಎಂದೆ. ಅಷ್ಟೇ ಸಾಕಾಯಿತು. ಸೋಮವಾರದ್ದು 650, ಇನ್ನು ಮೂವತ್ತೊಂದು ವಾರ. ಗುರುವಾರದ್ದು 480, ಹನ್ನೆರಡು ವಾರ. ಹತ್ತನೇ ತಾರೀಕಿನದು 1,850. ಜುಮುಕಿ ಗಿರವಿಯಲ್ಲಿದೆ, 14,000ಕ್ಕೆ ನೂರಕ್ಕೆ ಎರಡರಂತೆ ತಿಂಗಳಿಗೆ 280 ಬಡ್ಡಿ. ಗುರುವಾರದ ಸಾಲ ತೀರಿದ ಮೇಲೆ ಆ 480ನ್ನು ಎಲ್ಲಿಗೆ ತಿರುಗಿಸಬೇಕು ಎನ್ನುವುದೂ ತೀರ್ಮಾನವಾಗಿತ್ತು. ಕಾಗದವಿಲ್ಲ, ಮೊಬೈಲ್ ಇಲ್ಲ, ಒಂದು ಕಡೆಯೂ ತಡವರಿಸಲಿಲ್ಲ. ಎಂಬತ್ತಾರರಿಂದ ಏಳು ಕಳೆಯಲಾಗದೆ ನಿಂತವರು ಇವರೇ.

ಇದಕ್ಕೆ ಮರೆವು ಎನ್ನುತ್ತೀರೇನು?

ನನ್ನ ಮಾತು ಇಷ್ಟೇ, ಆದರೆ ಎಷ್ಟು ಸಲ ಹೇಳಿದರೂ ಓದಿದವರಿಗೆ ದಾಟುವುದಿಲ್ಲವಾದ್ದರಿಂದ ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಮನೆಯಲ್ಲಿ ಇರುವುದು ಒಂದೇ ಒಲೆ. ಅದರ ಮೇಲೆ ಅನ್ನದ ಪಾತ್ರೆ ಕುದಿಯುತ್ತಿದೆ. ಸಾರು ಯಾಕೆ ಆಗಿಲ್ಲ ಎಂದು ಕೇಳಿದರೆ ಉತ್ತರ 'ಸಾರು ಮಾಡಲು ಬರುವುದಿಲ್ಲ' ಎಂದಲ್ಲ. ಒಲೆ ಖಾಲಿಯಿಲ್ಲ. ಈ ಹೆಂಗಸಿಗೆ ಬಿಪಿ ಮಾತ್ರೆಯ ಮಹತ್ವ ಗೊತ್ತಿಲ್ಲವೆಂದಲ್ಲ; ಬಡ್ಡಿಯ ಲೆಕ್ಕವಂತೂ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರಿಗೆ ತಿಳಿವಳಿಕೆ ಕೊಡಬಹುದು. ತಲೆಯಲ್ಲಿ ಜಾಗವೇ ಇಲ್ಲದವರಿಗೆ ತಿಳಿವಳಿಕೆ ಕೊಟ್ಟರೆ ಒಲೆಯ ಮುಂದೆ ಇನ್ನೊಂದು ಪಾತ್ರೆ ತಂದಿಟ್ಟಂತೆ.

ಇದು ನನ್ನ ಊಹೆ ಮಾತ್ರವಲ್ಲ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಕಬ್ಬಿನ ದುಡ್ಡು ಬರುವುದು ಕಟಾವಾದ ಮೇಲೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಗಿರವಿ, ಕೈಸಾಲ. ಒಬ್ಬೊಬ್ಬ ರೈತನಿಗೂ ಕಟಾವಿಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಬುದ್ಧಿಶಕ್ತಿಯ ಪರೀಕ್ಷೆ ಕೊಟ್ಟರು. ದುಡ್ಡು ಬಂದ ಮೇಲೆ ಮಾಡಿದ್ದು ಎಷ್ಟೋ ಉತ್ತಮವಾಗಿತ್ತು. ಗಮನಿಸಿ, ರೈತ ಅವನೇ, ಓದು ಅಷ್ಟೇ, ಮನೋಭಾವವೂ ಅದೇ. ಬದಲಾದದ್ದು ತಿಂಗಳು. ಆದರೂ ಇದನ್ನು ವೇದವಾಕ್ಯವಾಗಿ ಹಿಡಿಯಬೇಡಿ. ಅಮೆರಿಕದಲ್ಲಿ ಸಂಬಳಕ್ಕೆ ಮೊದಲು ಮತ್ತು ನಂತರ ಜನರನ್ನು ಪರೀಕ್ಷಿಸಿದ ಇನ್ನೊಂದು ತಂಡಕ್ಕೆ ಅಂಥ ವ್ಯತ್ಯಾಸ ಕಾಣಲಿಲ್ಲ. ಮನಸ್ಸಿನ ವಿಷಯದಲ್ಲಿ ಒಂದು ಅಧ್ಯಯನದಿಂದ ಗೋಪುರ ಕಟ್ಟುವುದು ಬೇಡ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಹಾಸಿಗೆಯ ಅಳತೆ ವಾರವಾರಕ್ಕೂ ಬದಲಾಗುವ ಮನೆ ನೋಡಿದ್ದೀರಾ? ಮದುವೆಯ ತಿಂಗಳಲ್ಲಿ ಹೆಚ್ಚು ಕೆಲಸ, ಆಷಾಢದಲ್ಲಿ ಇಲ್ಲ. ಸಾಲ ತೀರಿಸಲು ಸಾಲ ಮಾಡುವುದು ಮೂರ್ಖತನದಂತೆ ಕಾಣುತ್ತದೆ ನಿಜ. ಆದರೆ ಇವತ್ತು ಕಂತು ಕಟ್ಟದಿದ್ದರೆ ಗುಂಪಿನ ಉಳಿದ ಹೆಂಗಸರು ಕಟ್ಟಬೇಕು, ಅವರು ದಿನಾ ನಲ್ಲಿಯ ಹತ್ತಿರ ಸಿಗುವವರು. ಆ ಮುಖಭಂಗ ಈ ಹೊತ್ತಿನದು. ಬಡ್ಡಿ ಮುಂದಿನ ತಿಂಗಳಿನದು. ನಾನಾದರೂ ಅದನ್ನೇ ಆರಿಸಿಕೊಳ್ಳುತ್ತಿದ್ದೆ. ಮನೆ ಮುಂದೆ ಕೂತು ವಸೂಲಿ ಮಾಡುವುದರ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ನಲ್ಲಿಯ ಹತ್ತಿರದ ಮೌನಕ್ಕೆ ಯಾವ ಕಾನೂನೂ ಇಲ್ಲ.

ಉಳಿತಾಯವನ್ನೂ ಆಕೆ ಮಾಡಿದ್ದರು. ಎರಡು ವರ್ಷ ಚೀಟಿ ಕಟ್ಟಿದ್ದರು, ಚೀಟಿ ನಡೆಸುತ್ತಿದ್ದವರು ರಾತ್ರೋರಾತ್ರಿ ಊರು ಬಿಟ್ಟರು. ಅಮೆರಿಕದಲ್ಲಿ ಪುಟ್ಟ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, ಕಾದರೆ ಎರಡು ಕೊಡುತ್ತೇವೆ ಎನ್ನುವ ಪ್ರಸಿದ್ಧ ಪ್ರಯೋಗವನ್ನು ಎಲ್ಲ ಭಾಷಣಕಾರರೂ ಹೇಳುತ್ತಾರೆ. ಅದರ ಮುಂದಿನ ಕಥೆ ಹೇಳುವುದಿಲ್ಲ. 2013ರಲ್ಲಿ ಇನ್ನೊಂದು ತಂಡ, ಮಿಠಾಯಿ ಕೊಡುವ ಮೊದಲೇ ಕೆಲವು ಮಕ್ಕಳಿಗೆ ಕೊಟ್ಟ ಮಾತು ಮುರಿಯಿತು, ಉಳಿದವರಿಗೆ ಉಳಿಸಿಕೊಂಡಿತು. ಮಾತು ಉಳಿದ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು, ಮೋಸಹೋದವರು ಮೂರು ನಿಮಿಷ. ಚೀಟಿ ಮುಳುಗಿದ ಮೇಲೆ ಈಕೆ ಮಗನ ಹುಟ್ಟುಹಬ್ಬಕ್ಕೆ ಆರುನೂರು ರೂಪಾಯಿಯ ಕೇಕ್ ತಂದರಂತೆ. ನೆಂಟರೆಲ್ಲ ಆಡಿಕೊಂಡರು. ನನ್ನ ಮನೆಗೆ ಬರುವ ಕೇಕ್‌ಗಳನ್ನು ಇದುವರೆಗೆ ಯಾರೂ ಎಣಿಸಿಲ್ಲ.

ಇದನ್ನು ಓದಿ, ಮರೆವು ಬಂದವರನ್ನೆಲ್ಲ 'ಸಾಲದ ಚಿಂತೆ' ಎಂದು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ರಕ್ತಹೀನತೆ, ಥೈರಾಯ್ಡ್, ಖಿನ್ನತೆ, ಎಲ್ಲವೂ ಇದೇ ವೇಷದಲ್ಲಿ ಬರುತ್ತವೆ. ಈಕೆಗೂ ರಕ್ತಪರೀಕ್ಷೆ ಮಾಡಿಸಿದೆವು, ರಕ್ತ ಕಡಿಮೆಯೇ ಇತ್ತು, ಕಬ್ಬಿಣದ ಮಾತ್ರೆ ಬರೆದರು. ಬಿಪಿ ಮಾತ್ರೆಯನ್ನು ಏನು ಮಾಡುವುದು? ಬೆಳಿಗ್ಗೆ ನೆನಪಿಡಿ ಎಂದು ಉಪದೇಶಿಸಲಿಲ್ಲ. ಮಾತ್ರೆಯ ಪಟ್ಟಿಯನ್ನು ಚಹಾಪುಡಿಯ ಡಬ್ಬಿಯೊಳಗೆ ಇಡಿಸಿದೆ. ಚಹಾ ಮರೆಯುವುದಿಲ್ಲವಲ್ಲ.

ವ್ಯವಸ್ಥಾಪಕರಿಗೂ ಇಂಥದ್ದೇ ಒಂದು ಉಪಾಯ ಹೇಳಿದೆ. ಒಡಿಶಾದಲ್ಲಿ ಎಲೆಯ ತಟ್ಟೆ ಮಾಡುವ ಕಾರ್ಮಿಕರಲ್ಲಿ ಕೆಲವರಿಗೆ ಕೂಲಿಯ ಒಂದು ಭಾಗವನ್ನು ಕೆಲವು ದಿನ ಮುಂಚೆ ಕೊಟ್ಟು ನೋಡಿದ್ದಾರೆ. ಹೆಚ್ಚಿಗೆ ಒಂದು ಪೈಸೆಯಿಲ್ಲ, ದಿನ ಮಾತ್ರ ಮುಂಚೆ. ತಟ್ಟೆಗಳ ಸಂಖ್ಯೆ ಶೇಕಡಾ 7ರ ಆಸುಪಾಸು ಏರಿತು, ತಪ್ಪುಗಳು ಇಳಿದವು. "ಹತ್ತನೇ ತಾರೀಕಿನ ಸಂಬಳದಲ್ಲಿ ಒಂದಿಷ್ಟನ್ನು ಹಿಂದಿನ ತಿಂಗಳ ಇಪ್ಪತ್ತೈದಕ್ಕೇ ಕೊಟ್ಟು ನೋಡಿ, ಒಂದು ಸಾಲಿನ ಯಂತ್ರದವರಿಗೆ ಮಾತ್ರ. ಕಾಲರ್ ಎಣಿಸಿ" ಎಂದೆ.

ಅದು ಲೆಕ್ಕಪತ್ರ ವಿಭಾಗದವರ ವಿಷಯ ಎಂದರು. ಆಲೋಚಿಸಿ ಹೇಳುತ್ತೇನೆ ಎಂದರು. ನಾಲ್ಕು ದಿನದ ಮೇಲೆ ಅವರ ಕಚೇರಿಯ ಹುಡುಗಿ ಫೋನು ಮಾಡಿ, ಯೋಗದ ಗುರುಗಳೊಬ್ಬರು ಸಿಕ್ಕಿದ್ದಾರೆ, ನನಗೆ ತೊಂದರೆ ಕೊಡುವುದಿಲ್ಲ ಎಂದಳು. ಇಡುವ ಮುನ್ನ ದನಿ ತಗ್ಗಿಸಿ, "ಮೇಡಂ, ಆ ಇಪ್ಪತ್ತೈದನೇ ತಾರೀಕಿನದು ಏನಾದರೂ ಆಗುತ್ತದೆಯೇ?" ಎಂದು ಕೇಳಿದಳು.