ಫ್ಲಾರಿಡಾದ ಬಿಳಿ ಮರಳಿನಲ್ಲೊಂದು ಹಿಮಸಾರಂಗ ಶಿಲಾವಲ್ಕ

ಹಿಮಸಾರಂಗ ಶಿಲಾವಲ್ಕ (ರೈನ್‌ಡಿಯರ್ ಲೈಕೆನ್) ಎಂದೊಡನೆ ಉತ್ತರ ಧ್ರುವದ ಸುತ್ತಲಿನ ನಾಡುಗಳೂ, ಚಳಿಗಾಲದಲ್ಲಿ ಹಿಮವನ್ನು ಗೊರಸಿನಿಂದ ಕೆದಕಿ ಅದನ್ನು ಮೇಯುವ ಹಿಮಸಾರಂಗಗಳೂ ನೆನಪಿಗೆ ಬರುವುದು ಸಹಜ. ಆದರೆ ಇದೇ ಹೆಸರಿನಿಂದ ಕರೆಯಲ್ಪಡುವ ಕ್ಲಾಡೋನಿಯಾ ಪರ್ಫೊರೇಟಾ ಎಂಬ ಪ್ರಭೇದವು ಬೆಚ್ಚನೆಯ ಫ್ಲಾರಿಡಾದಲ್ಲಿ ಮಾತ್ರ ಬೆಳೆಯುತ್ತದೆ; ಜಗತ್ತಿನ ಬೇರಾವ ಮೂಲೆಯಲ್ಲೂ ಇದು ಕಂಡುಬಂದಿಲ್ಲ. 1993ರಲ್ಲಿ ಅಮೆರಿಕ ಸರ್ಕಾರ ತನ್ನ ಅಳಿವಿನಂಚಿನ ಪ್ರಭೇದಗಳ ಕಾಯ್ದೆಯ ಪಟ್ಟಿಗೆ ಇದನ್ನು ಸೇರಿಸಿತು. ಆ ಪಟ್ಟಿಯಲ್ಲಿ ಸ್ಥಾನ ಪಡೆದ ಮೊದಲ ಶಿಲಾವಲ್ಕ ಇದೇ.

ನಮ್ಮ ಮಸಾಲೆಗೆ ಬೀಳುವ ಕಲ್ಲುಹೂವಿನಂತೆ ಇದು ಕೂಡ ಶಿಲೀಂಧ್ರ ಮತ್ತು ಪಾಚಿ ಒಂದಾಗಿ ಬಾಳುವ ಜೀವಿ. ನಾಲ್ಕರಿಂದ ಆರು ಸೆಂಟಿಮೀಟರ್ ಎತ್ತರದ, ಒಳಗೆ ಪೊಳ್ಳಾದ, ತಿಳಿ ಹಳದಿ ಮಿಶ್ರಿತ ಬೂದು ಹಸಿರಿನ ಕೊಂಬೆಗಳು ಮತ್ತೆ ಮತ್ತೆ ಕವಲೊಡೆದು ಸಣ್ಣ ಪೊದೆಯಂತಾಗುತ್ತವೆ. ಪ್ರತಿ ಕವಲಿನ ಬುಡದಲ್ಲೂ ಸ್ಪಷ್ಟವಾಗಿ ಕಾಣುವ ತೂತು ಇದರ ಗುರುತು. ಬೇರಿಲ್ಲ, ನೆಲಕ್ಕೆ ಅಂಟಿಕೊಂಡೂ ಇರುವುದಿಲ್ಲ. ಬರಿಯ ಮರಳಿನ ಮೇಲೆ ಸಡಿಲವಾಗಿ ಕುಳಿತಿರುತ್ತದೆ.

ಇದರ ನೆಲೆಗಳು ಮುಖ್ಯವಾಗಿ ಮೂರು ಕಡೆ ಚದುರಿವೆ. ವಾಯವ್ಯದಲ್ಲಿ ಮೆಕ್ಸಿಕೊ ಕೊಲ್ಲಿಯ ಅಂಚಿನ ಸಾಂಟಾ ರೋಸಾ ದ್ವೀಪ, ಆಗ್ನೇಯದಲ್ಲಿ ಅಟ್ಲಾಂಟಿಕ್ ಕರಾವಳಿಯ ಮಾರ್ಟಿನ್ ಮತ್ತು ಪಾಮ್ ಬೀಚ್ ಕೌಂಟಿಗಳ ಹಳೆಯ ಮರಳುದಿಬ್ಬಗಳು, ನಡುವೆ ಒಳನಾಡಿನ ಲೇಕ್ ವೇಲ್ಸ್ ಏಣು, ಅಂದರೆ ಉದ್ದನೆಯ ಮರಳುದಿಬ್ಬದ ಸಾಲು. ಸಾಂಟಾ ರೋಸಾಕ್ಕೂ ಈ ದಿಬ್ಬಸಾಲಿಗೂ ಐನೂರು ಕಿಲೋಮೀಟರಿಗಿಂತ ಹೆಚ್ಚು ಅಂತರವಿದೆ. ಸಮುದ್ರಮಟ್ಟ ಇಂದಿಗಿಂತ ಎತ್ತರದಲ್ಲಿದ್ದ ಕಾಲದಲ್ಲಿ ಲೇಕ್ ವೇಲ್ಸ್ ಏಣು ನೀರಿನ ನಡುವಣ ದ್ವೀಪಗಳ ಸಾಲಾಗಿತ್ತು; ಅಲ್ಲಿ ಮಾತ್ರ ಕಾಣಸಿಗುವ ಸಸ್ಯಗಳು ಇಷ್ಟೊಂದಿರುವುದಕ್ಕೆ ಆ ಇತಿಹಾಸವೇ ಮುಖ್ಯ ಕಾರಣ. ಎಲ್ಲಿಯೇ ಇರಲಿ, ಈ ಶಿಲಾವಲ್ಕ ಬಯಸುವುದು ನೀರು ನಿಲ್ಲದ ಎತ್ತರದ ಬಿಳಿ ಮರಳನ್ನು, ಅದರಲ್ಲೂ ಫ್ಲಾರಿಡಾ ರೋಸ್‌ಮೇರಿ ಪೊದೆಗಳ ನಡುವಿನ ಬಯಲನ್ನು. ಆ ಪೊದೆಯ ಎಲೆಗಳಿಂದ ಇಳಿಯುವ ರಾಸಾಯನಿಕಗಳು ಹುಲ್ಲು ಮೊಳೆಯುವುದನ್ನು ತಡೆಯುವುದರಿಂದ ಮರಳು ತೆರೆದೇ ಉಳಿಯುತ್ತದೆ.

ಈ ಪ್ರಭೇದದ ಸಂಕಷ್ಟ ಅರ್ಥವಾಗಬೇಕಾದರೆ ಅದು ಹರಡುವ ಬಗೆಯನ್ನು ನೋಡಬೇಕು. ಬೀಜಕಗಳನ್ನು ಉಂಟುಮಾಡುವ ಲೈಂಗಿಕ ಅಂಗಗಳು ಇದರಲ್ಲಿ ಕಂಡುಬಂದಿಲ್ಲ. ಅನೇಕ ಶಿಲಾವಲ್ಕಗಳು ಗಾಳಿಗೆ ತೂರಿಬಿಡುವ ಸೂಕ್ಷ್ಮ ಪುಡಿಯೂ ಇದಕ್ಕಿಲ್ಲ. ಒಣಗಿ ಗರಿಗರಿಯಾದ ಕೊಂಬೆ ಮುರಿದು, ಆ ತುಣುಕು ಗಾಳಿಗೋ ಮಳೆನೀರಿಗೋ ಸ್ವಲ್ಪ ದೂರ ಸರಿದು, ಅಲ್ಲಿ ಬೆಳೆದರೆ ಉಂಟು. ಆದ್ದರಿಂದ ಒಂದು ದಿಬ್ಬದಲ್ಲಿ ಅಳಿದರೆ ರಸ್ತೆಯಾಚೆಯ ಇನ್ನೊಂದು ದಿಬ್ಬದಿಂದ ಅದು ತಾನಾಗಿ ಬಂದು ಸೇರುವ ಸಂಭವ ತೀರಾ ಕಡಿಮೆ.

ಬೆಂಕಿಯ ವಿಷಯದಲ್ಲಿ ಈ ಕಷ್ಟ ಇನ್ನೂ ತೀಕ್ಷ್ಣವಾಗುತ್ತದೆ. ಬೆಂಕಿ ತಗುಲಿದ ಶಿಲಾವಲ್ಕ ಉಳಿಯುವುದಿಲ್ಲ. ಆದರೆ ದಶಕಗಳ ಕಾಲ ಬೆಂಕಿಯೇ ಬೀಳದಿದ್ದರೆ ಪೊದೆಗಳು ಬೆಳೆದು, ತರಗೆಲೆ ತುಂಬಿ, ಅದಕ್ಕೆ ಬೇಕಾದ ಬಯಲು ಮುಚ್ಚಿಹೋಗುತ್ತದೆ. ಹೀಗಾಗಿ ಅಲ್ಲಲ್ಲಿ ಸುಟ್ಟು ಅಲ್ಲಲ್ಲಿ ಬಿಡುವ, ತೇಪೆತೇಪೆಯಾದ ಬೆಂಕಿ ಮಾತ್ರ ಇದಕ್ಕೆ ಹಿತ. ಸುಡದೆ ಉಳಿದ ಭಾಗದಿಂದ ತುಣುಕುಗಳು ನಿಧಾನವಾಗಿ ಮರಳುತ್ತವೆ. ಅರಣ್ಯ ನಿರ್ವಾಹಕರು ಇಂಥ ಬೆಂಕಿಯನ್ನು ಯೋಜಿಸಿಯೇ ಹಚ್ಚಬೇಕಾಗುತ್ತದೆ, ಮತ್ತು ಅದು ಬಹಳ ನಾಜೂಕಿನ ಕೆಲಸ ಎಂದು ನನಗೆ ತೋರುತ್ತದೆ.

ಕರಾವಳಿಯ ನೆಲೆಗಳಿಗೆ ಚಂಡಮಾರುತದ ಭಯ. 1995ರ ಅಕ್ಟೋಬರಿನಲ್ಲಿ ಓಪಲ್ ಚಂಡಮಾರುತ ಅಪ್ಪಳಿಸಿದಾಗ ಸಮುದ್ರದ ನೀರು ಸಾಂಟಾ ರೋಸಾ ದ್ವೀಪದ ಮೇಲೆ ಹರಿದು ಅಲ್ಲಿನ ಶಿಲಾವಲ್ಕದ ಬಹುಭಾಗವನ್ನು ಕೊಚ್ಚಿ ಒಯ್ದಿತು. ಬಳಿಕ ಬೇರೆಡೆಯಿಂದ ತುಣುಕುಗಳನ್ನು ತಂದು ಮರುನೆಲೆಗೊಳಿಸುವ ಪ್ರಯತ್ನ ನಡೆಯಿತು.

ಆದರೂ ದೊಡ್ಡ ಪೆಟ್ಟು ಮನುಷ್ಯನದು. ಒಣ ಎತ್ತರದ ಮರಳುಭೂಮಿ ಕಿತ್ತಳೆ ತೋಟಕ್ಕೂ ಮನೆ ನಿವೇಶನಕ್ಕೂ ಹೇಳಿಮಾಡಿಸಿದಂಥದ್ದಾದ್ದರಿಂದ ಲೇಕ್ ವೇಲ್ಸ್ ಏಣಿನ ಸಹಜ ಕುರುಚಲು ಕಾಡಿನ ಬಹುಪಾಲು ಈಗಾಗಲೇ ಮಾಯವಾಗಿದೆ. ಉಳಿದ ತುಂಡುಗಳಲ್ಲೂ ವಾಹನದ ಚಕ್ರ, ನಡೆದಾಡುವವರ ಕಾಲು ಒಣ ಕೊಂಬೆಗಳನ್ನು ಪುಡಿಮಾಡುತ್ತವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯೂ ಈ ಪ್ರಭೇದವನ್ನು ಅಪಾಯಕ್ಕೊಳಗಾದದ್ದೆಂದು ಗುರುತಿಸಿದೆ. ಆರ್ಚ್‌ಬೋಲ್ಡ್ ಜೈವಿಕ ಕೇಂದ್ರ, ಜೊನಾಥನ್ ಡಿಕಿನ್ಸನ್ ರಾಜ್ಯ ಉದ್ಯಾನ ಮುಂತಾದೆಡೆ ಇದರ ಕೆಲವು ನೆಲೆಗಳಿಗೆ ರಕ್ಷಣೆಯಿದೆ. ಆದರೆ ಹತ್ತಾರು ಮೀಟರ್ ದಾಟಲೂ ಗಾಳಿಮಳೆಯನ್ನೇ ನಂಬಿರುವ ಜೀವಿಗೆ ಒಂದೆರಡು ದೊಡ್ಡ ಮೀಸಲು ಪ್ರದೇಶಗಳು ಸಾಲವು. ಅದು ಬದುಕಿರುವ ಪ್ರತಿಯೊಂದು ಸಣ್ಣ ದಿಬ್ಬವೂ ಉಳಿಯಬೇಕು, ಮೂರು ಭಾಗಗಳಲ್ಲಿ ಯಾವುದೂ ಪೂರ್ಣವಾಗಿ ಬರಿದಾಗಬಾರದು.